ವಿನ್ಯಾಸಯೋಗದ ಪ್ರಮಾಣವಿಚಾರ

ಹಾಸನದ ಸಮೀಪದ ಕೌಶಿಕ ಗ್ರಾಮದಲ್ಲಿ 1915ರಲ್ಲಿ ಜನಿಸಿದ ಕೆ. ಪಟ್ಟಾಭಿ ಜೋಯಿಸರಿಂದ ‘ಅಷ್ಟಾಂಗ ವಿನ್ಯಾಸ ಯೋಗ’ವೆಂಬ ಕಠಿನಾಭ್ಯಾಸವು ದೇಶಾಂತರಗಳಲ್ಲಿಯೂ ಪ್ರಸಿದ್ಧವಾಯಿತು. ವಾಮನ ಋಷಿಕೃತವಾದ ‘ಯೋಗಕೊರುಂಟ’ವೇ ಇದಕ್ಕೆ ಮೂಲವೆಂದು ಸಂಪ್ರದಾಯಸ್ಥರು ಹೇಳುವರು. ಜೋಯಿಸರ ಗುರುಗಳಾದ ತಿರುಮಲೆ ಕೃಷ್ಣಮಾಚಾರ್ಯರು ಆ ಗ್ರಂಥದ ಪ್ರತಿಯನ್ನು ಕಲ್ಕತ್ತೆಯಲ್ಲಿ ಕಂಡರೆಂದೂ, ಬಳಿಕ ಅದು ಇರುವೆಗಳ ಪಾಲಾಯಿತೆಂದೂ ಪ್ರತೀತಿಯುಂಟು. ಮೂಲವಾಗಲಿ ನಕಲಾಗಲಿ ವಿದ್ವಾಂಸರ ಪರಿಶೀಲನೆಗೆ ಇದುವರೆಗೆ ಒದಗಿಲ್ಲ. ಹಾಗಾದರೆ ಈ ವಿದ್ಯೆಗೆ ಪ್ರಮಾಣವೇನು?

ಮೊದಲು ಅಭ್ಯಾಸದ ಸ್ವರೂಪವನ್ನು ತಿಳಿಯಬೇಕು. ಎಸೆಯುವುದೆಂಬ ಅರ್ಥದ ‘ಅಸ್’ ಧಾತುವಿಗೆ ವಿ, ನಿ ಎಂಬ ಉಪಸರ್ಗಗಳು ಸೇರಿ ‘ವಿನ್ಯಾಸ’ವಾಗಿದೆ, ಕ್ರಮವಾಗಿ ಇಡುವುದೆಂದು ತಾತ್ಪರ್ಯ. ಇಲ್ಲಿ ಒಂದೊಂದು ಚಲನೆಗೂ ಒಂದು ಪೂರಕ ಅಥವಾ ರೇಚಕವು ನಿಯತವಾಗಿದೆ. ಸೂರ್ಯನಮಸ್ಕಾರದ ಮೊದಲ ಬಗೆಯಲ್ಲಿ ಒಂಬತ್ತು ವಿನ್ಯಾಸಗಳು, ಎರಡನೆಯದರಲ್ಲಿ ಹದಿನೇಳು. ‘ಏಕಂ’ ಎಂದಾಗ ಉಸಿರೆಳೆದು ಕೈಯೆತ್ತುವುದು, ‘ದ್ವೇ’ ಎಂದಾಗ ಉಸಿರು ಬಿಟ್ಟು ಬಾಗುವುದು. ‘ಚತ್ವಾರಿ’ಗೆ ಬರುವ ಚತುರಂಗ ದಂಡಾಸನವನ್ನು ನೋಡಿದವರಿಗೆ ಗರಡಿಮನೆಯ ದಂಡವು ನೆನಪಾಗದಿರದು. ಬಂಧ, ದೃಷ್ಟಿಗಳೂ ಉಸಿರಿನೊಡನೆ ಕೂಡಿರಬೇಕು. ದೇಹವು ಬೆವರಿ ಶುದ್ಧವಾಗಬೇಕೆಂಬುದೇ ಈ ಶ್ರಮದ ಉದ್ದೇಶ.

ಪತಂಜಲಿಯು ಆಸನಕ್ಕೆ ಕೊಟ್ಟಿರುವುದು ಮೂರೇ ಸೂತ್ರಗಳು. ಅವುಗಳಲ್ಲಿ ಈ ಎಣಿಕೆಯ ಸುಳಿವಿಲ್ಲ. ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ, ಹಗ್ಗ ಹಿಡಿದು ಮಾಡುವಂಥವೂ ಅವುಗಳಲ್ಲಿ ಸೇರಿವೆ. 1934ರಲ್ಲಿ ಮೈಸೂರಿನಲ್ಲಿ ಕನ್ನಡದಲ್ಲಿ ಅಚ್ಚಾದ ಕೃಷ್ಣಮಾಚಾರ್ಯರ ‘ಯೋಗಮಕರಂದ’ವು ತನ್ನ ಆಧಾರಗ್ರಂಥಗಳಲ್ಲಿ ಅದನ್ನು ಹೆಸರಿಸುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯು ನಡೆಯುತ್ತಿದ್ದ ಕಾಲವದು. 1941ರ ‘ಯೋಗಾಸನಗಳು’ ಎಂಬ ಅವರ ಕನ್ನಡ ಪುಸ್ತಕದಲ್ಲಿ ಆಸನಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ವಿನ್ಯಾಸಗಳ ಸಂಖ್ಯೆಯನ್ನು ಪಟ್ಟಿಮಾಡಿದೆ. ಕಾಣದ ಓಲೆಗಿಂತ ಕಾಣುವ ಈ ಪಟ್ಟಿಯು ಬಲವತ್ತರವಾದ ಪ್ರಮಾಣ.

1996ರಲ್ಲಿ ನಾರ್ಮನ್ ಶೋಮನ್ ಎಂಬ ವಿದ್ವಾಂಸರು ಅರಮನೆಯ ಈ ಪರಂಪರೆಯನ್ನು ಶೋಧಿಸಿ, ವ್ಯಾಯಾಮಶಾಲೆಯ ಅಂಗಸಾಧನೆಗಳೂ ಇದರಲ್ಲಿ ಬೆರೆತಿವೆಯೆಂದು ಪ್ರತಿಪಾದಿಸಿದರು. ಇದನ್ನು ಕೇಳಿ ಕೆಲವರು ಕ್ಷೋಭೆಗೊಳ್ಳುವುದುಂಟು, ಕಾರಣವಿಲ್ಲ. ಆಚಾರ್ಯನು ಹಳೆಯ ಸಾಮಗ್ರಿಯನ್ನು ಆಯ್ದು ಜೋಡಿಸಿದ ಮಾತ್ರಕ್ಕೆ ವಿದ್ಯೆಯು ಅಪ್ರಾಮಾಣಿಕವಾಗದು. ಹಾಗಾದರೆ ವ್ಯಾಕರಣದಲ್ಲಿ ಕೌಮುದೀಕಾರನಿಗೂ ಸ್ಥಾನವಿರಲಾರದು. ಋಷಿಯ ಹೆಸರನ್ನು ಹೇಳಿ ಪರೀಕ್ಷೆಯನ್ನು ತಪ್ಪಿಸುವುದು ಮಾತ್ರ ಶಾಸ್ತ್ರಜ್ಞರಿಗೆ ತಕ್ಕುದಲ್ಲ.

ಜೋಯಿಸರಿಗಂತೂ ವಿದ್ಯೆಯು ಓಲೆಯಿಂದಲ್ಲ, ಗುರುವಿನ ಕೈಯಿಂದ ಬಂದಿತು. 1927ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಹಾಸನದಲ್ಲಿ ಆಚಾರ್ಯರ ಆಸನಪ್ರದರ್ಶನವನ್ನು ಕಂಡು ಶಿಷ್ಯರಾದರು. ಸಂಸ್ಕೃತಾಧ್ಯಯನಕ್ಕಾಗಿ ಮೈಸೂರಿಗೆ ಹೋದ ಮೇಲೆ ಅಲ್ಲಿ ಮರಳಿ ಅವರನ್ನು ಸೇರಿದರು. 1937ರಿಂದ 1973ರವರೆಗೆ ಸಂಸ್ಕೃತ ಮಹಾಪಾಠಶಾಲೆಯಲ್ಲಿ ಯೋಗವನ್ನು ಕಲಿಸಿದರು. 1962ರಲ್ಲಿ ಕನ್ನಡದಲ್ಲಿ ಪ್ರಕಟವಾದ ಅವರ ‘ಯೋಗಮಾಲಾ’ವು ಇಂಗ್ಲಿಷಿನಲ್ಲಿ ಅಚ್ಚಾದುದು 1999ರಲ್ಲಿ, ಅಲ್ಲಿಯವರೆಗೆ 37 ವರ್ಷ ಅದು ಕನ್ನಡ ಬಲ್ಲವರ ಸೊತ್ತಾಗಿಯೇ ಇದ್ದಿತು.