ಒಂದೇ ಮಾತಿಗೆ ಹಲವು ಸಾಮಾನು

ಗ್ರಂಧಿಗೆ ಅಂಗಡಿಯಲ್ಲಿ "ಸತ್ಯನಾರಾಯಣ ಪೂಜೆ ಸಾಮಾನು" ಎಂದು ಒಂದೇ ಮಾತು ಹೇಳಿದರೆ ಸಾಕು, ಅರಿಶಿನ, ಕುಂಕುಮ, ಕರ್ಪೂರ, ಅಡಿಕೆಗಳೆಲ್ಲ ಒಟ್ಟಿಗೆ ಕೈಸೇರುತ್ತವೆ. ಗಣಕಯಂತ್ರಗಳನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯಲ್ಲೂ ಇಂಥದೇ ಏರ್ಪಾಡು ಉಂಟು. ಅಲ್ಲಿ ತಂತ್ರಾಂಶಗಳು ಪ್ಯಾಕೇಜುಗಳ ರೂಪದಲ್ಲಿ ಬರುತ್ತವೆ. ಅವನ್ನು ತಂದು ಕೂರಿಸುವ, ಬೇಡವಾದಾಗ ತೆಗೆಯುವ ಉಗ್ರಾಣಿಯೇ ಪ್ಯಾಕೇಜ್ ಮ್ಯಾನೇಜರ್. ಹತ್ತಾರು ಪ್ಯಾಕೇಜುಗಳನ್ನು ಒಂದೇ ಹೆಸರಿನಡಿ ತರುವ ಪದ್ಧತಿ ಬೆಳೆದು ಬಂದ ಬಗೆ ಸ್ವಾರಸ್ಯಕರವಾದುದು. ನಮ್ಮ ಕನ್ನಡಕ್ಕೂ ಅದರಲ್ಲಿ ಪಾಲಿದೆ.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಹೊರತಂದರು. ಅಮೆರಿಕದ ಪ್ಯಾಟ್ರಿಕ್ ವೋಲ್ಕರ್ಡಿಂಗ್ 1993ರಲ್ಲಿ ಸಿದ್ಧಪಡಿಸಿದ ಸ್ಲ್ಯಾಕ್‌ವೇರ್ ಫ್ಲಾಪಿಗಳಲ್ಲಿ ಬರುತ್ತಿತ್ತು. 'ಎ' ಗುಂಪಿನಲ್ಲಿ ಮೂಲ ವ್ಯವಸ್ಥೆ, 'ಎನ್'ನಲ್ಲಿ ಜಾಲಸಂಪರ್ಕ, 'ಎಕ್ಸ್'ನಲ್ಲಿ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ತಂತ್ರಾಂಶ. ಗುಂಪೆಂದರೆ ಫ್ಲಾಪಿಗಳ ಕಟ್ಟು, ಅಷ್ಟೇ. ಒಂದು ಪ್ಯಾಕೇಜಿಗೆ ಇನ್ನೊಂದರ ಆಸರೆ ಬೇಕೇ ಎಂದು ನೋಡುವ ಹೊಣೆ ಬಳಸುವವರದೇ.

ಅದೇ ವರ್ಷ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಕ್ರಮೇಣ ಬೇರೊಂದು ಉಪಾಯ ಹೂಡಿತು: ತಂತ್ರಾಂಶವೇ ಇಲ್ಲದ ಪ್ಯಾಕೇಜ್! 'ನನಗೆ ಇಂತಿಂಥವು ಬೇಕು' ಎಂಬ ಪಟ್ಟಿಯೇ ಅದರ ಸರ್ವಸ್ವ. ಅದನ್ನು ಕರೆದರೆ ಪಟ್ಟಿಯಲ್ಲಿರುವುದೆಲ್ಲ ಹಿಂದೆಯೇ ಬರುತ್ತದೆ. ಇದಕ್ಕೆ ಮೆಟಾಪ್ಯಾಕೇಜ್ ಎಂದು ಹೆಸರು.

ರೆಡ್ ಹ್ಯಾಟ್ ಬಳಗದವರು ಗುಂಪುಗಳ ಪಟ್ಟಿಯನ್ನು ಪ್ರತ್ಯೇಕ ಕಡತದಲ್ಲಿಟ್ಟರು. ಅದರಲ್ಲಿ ಮುಖ್ಯವಾಗಿ ಮೂರು ದರ್ಜೆ: ಕಡ್ಡಾಯವಾದದ್ದು, ವಾಡಿಕೆಯಂತೆ ಬರುವುದು, ಕೇಳಿದರೆ ಮಾತ್ರ ಬರುವುದು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸೇಥ್ ವಿಡಾಲ್ ಮತ್ತು ಸಂಗಡಿಗರು ರೂಪಿಸಿದ 'ಯಮ್' ಎಂಬ ಮ್ಯಾನೇಜರ್ ಈ ಕಡತವನ್ನು ಓದಿ ಗುಂಪನ್ನು ತರುತ್ತಿತ್ತು.

ತರುವುದೇನೋ ಸುಲಭ, ತೊಡಕಿದ್ದದ್ದು ತೆಗೆಯುವಾಗ. ಗುಂಪನ್ನು ತೆಗೆ ಎಂದರೆ ಹಳೆಯ ಯಮ್ ಪಟ್ಟಿಯಲ್ಲಿದ್ದುದನ್ನೆಲ್ಲ ತೆಗೆದುಬಿಡುತ್ತಿತ್ತು. ನೀವು ಮೊದಲೇ ಬೇರೆಯಾಗಿ ತಂದಿಟ್ಟುಕೊಂಡದ್ದೂ, ಇನ್ನೊಂದು ಗುಂಪಿಗೆ ಸೇರಿದ್ದೂ ಜೊತೆಗೇ ಹೋಗುತ್ತಿತ್ತು. ಬಾಡಿಗೆದಾರ ಮನೆ ಬಿಡುವಾಗ ಮಾಲೀಕನ ಮಂಚವನ್ನೂ ಲಾರಿಗೆ ಏರಿಸಿದಂತೆ! ಗುಂಪಿನ ಸಲುವಾಗಿ ಬಂದದ್ದು ಯಾವುದೆಂಬ ಲೆಕ್ಕವನ್ನು ಅದು ನೋಡುತ್ತಿರಲಿಲ್ಲ. ಮುಂದೆ ಯಮ್‌ನಲ್ಲೇ ಆ ಲೆಕ್ಕ ಬರೆದಿಡುವ ಕ್ರಮ ಬಂತು. 2015ರಲ್ಲಿ, ಫೆಡೋರಾ 22ರಲ್ಲಿ, ಯಮ್‌ನ ಸ್ಥಾನಕ್ಕೆ ಬಂದ ಡಿಎನ್‌ಎಫ್ ಅದನ್ನು ಮುಂದುವರಿಸಿತು. ಗುಂಪಿನೊಂದಿಗೆ ಬಂದದ್ದು ಗುಂಪಿನೊಂದಿಗೆ ಹೋಗುತ್ತದೆ, ನೀವಾಗಿ ಕೇಳಿ ತಂದದ್ದು ಉಳಿಯುತ್ತದೆ. ಗುಂಪು ಬರಿಯ ಪಟ್ಟಿಯಾಗಿ ಉಳಿಯದೆ ನೆನಪಿರುವ ವಸ್ತುವಾದದ್ದೇ ಈ ಇತಿಹಾಸದ ಮುಖ್ಯ ತಿರುವು.

ಇನ್ನು ಕನ್ನಡದ ಮಾತು. ಫೆಡೋರಾದಲ್ಲಿ ಹಿಂದೆ 'ಕನ್ನಡ ಬೆಂಬಲ' ಎಂಬ ಅರ್ಥದ ಗುಂಪೊಂದಿತ್ತು. 2016ರ ಫೆಡೋರಾ 24ರಿಂದ ಆ ಕೆಲಸವನ್ನು 'ಲ್ಯಾಂಗ್‌ಪ್ಯಾಕ್ಸ್-ಕೆಎನ್' ಎಂಬ ಮೆಟಾಪ್ಯಾಕೇಜ್ ವಹಿಸಿಕೊಂಡಿತು. ಇದರ ಜಾಣತನ ನೋಡಿ: ನಿಮ್ಮಲ್ಲಿ ಲಿಬ್ರೆಆಫೀಸ್ ಇದ್ದರೆ ಅದರ ಕನ್ನಡ ಅನುವಾದವೂ ಬರುತ್ತದೆ, ಇಲ್ಲದಿದ್ದರೆ ಆ ಹೊರೆ ಇಲ್ಲ. ಡೆಬಿಯನ್‌ನಲ್ಲಿ 'ಟಾಸ್ಕ್-ಕನ್ನಡ-ಡೆಸ್ಕ್‌ಟಾಪ್' ಎಂಬುದಿದೆ.

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳ ಗಣಕಯಂತ್ರಕ್ಕೆ ಕನ್ನಡ ಹಾಕಿಕೊಡಲು ಅಕ್ಷರ ಬೇರೆ, ಅನುವಾದ ಬೇರೆ ಎಂದು ಒಂದೊಂದನ್ನೇ ಹುಡುಕಿ ಅಲೆಯಬೇಕಾಗಿಲ್ಲ. ಯಾರೋ ಶ್ರಮಪಟ್ಟು ಪಟ್ಟಿ ಬರೆದಿಟ್ಟಿದ್ದಾರೆ. ಅದರ ಹೆಸರು ತಿಳಿದು ಕೇಳುವುದಷ್ಟೇ ನಮ್ಮ ಕೆಲಸ.