ಗುಮ್ಮಟದ ಊರಿನ ನೀರಿನ ಲೆಕ್ಕ

ಬಿಜಾಪುರಕ್ಕೆ, ಅಂದರೆ 2014ರಿಂದೀಚೆಗಿನ ವಿಜಯಪುರಕ್ಕೆ ಹೋದರೆ ನಾವೆಲ್ಲ ಗೋಲಗುಂಬಜ್ ಹತ್ತಿ ಒಮ್ಮೆ ಕೂಗಿ, ಇಬ್ರಾಹಿಂ ರೋಜಾದ ಮುಂದೆ ಫೋಟೋ ತೆಗೆಸಿಕೊಂಡು ಮರಳುತ್ತೇವೆ. ಇಷ್ಟು ದೊಡ್ಡ ರಾಜಧಾನಿ ಯಾವ ನೀರು ಕುಡಿದು ಬದುಕಿತು ಎಂದು ಕೇಳುವುದು ಅಪರೂಪ. ಊರ ಪಕ್ಕದಲ್ಲಿ ನದಿಯಿಲ್ಲ. ಕೃಷ್ಣೆಯೂ ದೂರ, ಭೀಮೆಯೂ ದೂರ. ಡೋಣಿಯ ಎರೆಭೂಮಿ ಜೋಳಕ್ಕೆ ಹೆಸರುವಾಸಿ, ಆದರೆ ಅದರ ನೀರು ಉಪ್ಪು. ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಅದನ್ನೂ ನಂಬುವಂತಿಲ್ಲ. ಇಂಥ ನೆಲದಲ್ಲಿ ಆದಿಲ್‌ಶಾಹಿಗಳು ಸುಮಾರು ಇನ್ನೂರು ವರ್ಷ ಆಳಿದರು.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಬಿಜಾಪುರದ ಸಂಪತ್ತೂ ಜನಸಂಖ್ಯೆಯೂ ಏರಿದವು. ಒಂದನೇ ಅಲಿ ಆದಿಲ್ ಶಾಹ್ 1579ರಲ್ಲಿ ಚಾಂದ್ ಬಾವಡಿ ಕಟ್ಟಿಸಿದ. 1620ರಲ್ಲಿ, ಎರಡನೇ ಇಬ್ರಾಹಿಮನ ಕಾಲದಲ್ಲಿ, ತಾಜ್ ಬಾವಡಿ ಎದ್ದಿತು. ಅದರ ಒಂದೊಂದು ಬದಿಯೂ 200 ಅಡಿಗಿಂತ ಉದ್ದ, ಎರಡೂ ಕಡೆ ಪ್ರಯಾಣಿಕರು ತಂಗುವ ಕೋಣೆಗಳು. ಬಾವಡಿಗಳು ಸಾಲದಾದಾಗ ಐದಾರು ಕಿಲೋಮೀಟರ್ ದೂರದ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ಬಂತು. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕಾರೇಜ್ ನೋಡಿದವರಿಗೆ ಈ ಉಪಾಯ ಹೊಸದಲ್ಲ. ಪರ್ಷಿಯಾದಿಂದ ಬಂದ ವಿದ್ಯೆ ಅದು: ಬಿಸಿಲಿಗೆ ಸಿಗದ ನೀರು ಆವಿಯಾಗುವುದಿಲ್ಲ. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ್ ಊರಿನ ದಕ್ಷಿಣಕ್ಕೆ ಬೇಗಂ ತಾಲಾಬ್ ಕಟ್ಟಿಸಿದ.

ನಮಗೆ ಕೆರೆಗಿಂತ ಅಚ್ಚರಿ ತರುವುದು ಅಲ್ಲಿಂದ ಹೊರಟ ಕೊಳವೆ. ಸುಟ್ಟ ಮಣ್ಣಿನ ತುಂಡು ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತಲೂ ಗಾರೆ ಕಲ್ಲು ತುಂಬಿ ಹೂತಿದ್ದರು. ಒತ್ತಡ ಹೆಚ್ಚಾದರೆ ಮಣ್ಣಿನ ಕೊಳವೆ ಒಡೆಯುತ್ತದೆ, ಒಡೆದರೆ ನೀರು ಯಾರಿಗೂ ಸಿಗದೆ ನೆಲಕ್ಕೆ ಇಂಗುತ್ತದೆ. ಅದಕ್ಕಾಗಿ ದಾರಿಯುದ್ದಕ್ಕೂ ‘ಗಂಜ್’ ಎಂಬ ಕಲ್ಲಿನ ಗೋಪುರಗಳು, ಕೆಲವು 25 ಅಡಿಗೂ ಎತ್ತರ. ನೀರು ಗಂಜ್‌ನೊಳಗೆ ಏರಿ ಒತ್ತಡ ಕಳೆದುಕೊಳ್ಳುತ್ತಿತ್ತು, ಹೂಳು ತಳದಲ್ಲಿ ಉಳಿಯುತ್ತಿತ್ತು, ತಿಳಿನೀರು ಸಣ್ಣ ಕೊಳವೆಗಳಲ್ಲಿ ಮಹಲು, ಮಸೀದಿ, ತೋಟಗಳ ತೊಟ್ಟಿಗೆ ಇಳಿಯುತ್ತಿತ್ತು. ಇಂದು ನಲ್ಲಿಯ ಸೋರಿಕೆಯ ಬಗ್ಗೆ ಸಭೆ ನಡೆಸುವ ನಮ್ಮ ಪುರಸಭೆಗಳವರು ಒಮ್ಮೆ ಈ ಗಂಜ್‌ಗಳ ಬುಡದಲ್ಲಿ ನಿಲ್ಲಬೇಕು.

ಎಲ್ಲವೂ ಮಿತವ್ಯಯವೇ ಆಗಿತ್ತು ಎಂದರೆ ಇತಿಹಾಸಕ್ಕೆ ಅನ್ಯಾಯ. ಊರಿನ ಪೂರ್ವಕ್ಕಿರುವ ಕುಮಟಗಿಯಲ್ಲಿ ಅರಮನೆಯವರ ಬೇಸಿಗೆಯ ವಿಹಾರಕ್ಕಾಗಿ ಕಾರಂಜಿಗಳೂ ಮೇಲಿನಿಂದ ತುಂತುರು ಸುರಿಸುವ ಮಂಟಪವೂ ಇದ್ದವು. ಒಕ್ಕಲಿಗನ ಹೊಲ ಬಿರುಕು ಬಿಟ್ಟ ವರ್ಷವೂ ಅಲ್ಲಿ ಕಾರಂಜಿ ಚಿಮ್ಮಿತೇ? ಆಸ್ಥಾನದ ಬರಹಗಾರರು ಅದನ್ನು ಬರೆಯುವವರಲ್ಲ.

ಮನೆಯ ಮಟ್ಟದ ಲೆಕ್ಕ ಅರಮನೆಯಿಂದ ಬಂದದ್ದಲ್ಲ, ಫಿಕ್‌ಹ್‌ನಿಂದ ಬಂದದ್ದು. ಪ್ರವಾದಿಯವರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ಒಂದು ಸಾಅ್, ಹೆಚ್ಚೆಂದರೆ ಐದು ಮುದ್ದ್ ನೀರಿನಲ್ಲಿ ಸ್ನಾನ ಮಾಡುತ್ತಿದ್ದರು ಎಂದು ಹದೀಸ್‌ಗಳಲ್ಲಿದೆ. ಮುದ್ದ್ ಎಂದರೆ ಸುಮಾರು ಮುಕ್ಕಾಲು ಲೀಟರ್, ಮದ್‌ಹಬ್‌ಗಳ ಲೆಕ್ಕದಲ್ಲಿ ಸ್ವಲ್ಪ ಹೆಚ್ಚು ಕಡಿಮೆ. ನಮ್ಮ ಮಸೀದಿಯ ನಲ್ಲಿಯ ಕೆಳಗೆ ಕೊಡವಿಟ್ಟು ಒಂದು ವುಝೂ ಮಾಡಿ ನೋಡಿದರೆ ನಾವು ಎಷ್ಟು ಮುದ್ದ್ ದಾಟಿದ್ದೇವೆಂಬುದು ತಿಳಿಯುತ್ತದೆ.

ಹೌಝ್‌ಗೂ ಇದೇ ಫಿಕ್‌ಹ್‌ ಆಧಾರ. ಶಾಫಿಈಗಳಲ್ಲಿ ಎರಡು ‘ಕುಲ್ಲ’ದಷ್ಟು ನೀರು, ಹನಫಿಗಳಲ್ಲಿ ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಕೊಳ ಇದ್ದರೆ, ಬಣ್ಣ, ರುಚಿ, ವಾಸನೆ ಕೆಡದ ಹೊರತು ಆ ನೀರು ಅಶುದ್ಧವಾಗದು. ಹೀಗಾಗಿ ನೂರಾರು ಮಂದಿಗೆ ಒಂದೇ ಕೊಳ ಸಾಕಾಗುತ್ತಿತ್ತು. ಬಿಜಾಪುರದ ಜಾಮಿಯಾ ಮಸೀದಿಯ ಅಂಗಳದಲ್ಲಿರುವ ಹೌಝ್ ಆಗಲಿ, ಕರಾವಳಿಯ ಹಳೆಯ ಮಸೀದಿಗಳ ‘ಹೌಳ್’ ಆಗಲಿ ಈ ಲೆಕ್ಕದವೇ.

1686ರಲ್ಲಿ ಔರಂಗಜೇಬನ ಸೇನೆ ಬಿಜಾಪುರವನ್ನು ಗೆದ್ದಿತು. ದರ್ಬಾರಿನ ಜೊತೆ ಜನರೂ ಹೋದರು, ಕೊಳವೆ ದುರಸ್ತಿ ಮಾಡುವವರೂ ಹೋದರು. ಕೆಲವು ಗಂಜ್‌ಗಳು ಇಂದಿಗೂ ನಿಂತಿವೆ. ಕಸದ ಗುಂಡಿಯಂತಾಗಿದ್ದ ತಾಜ್ ಬಾವಡಿಯ ಹೂಳನ್ನು 2016-17ರ ಸುಮಾರಿಗೆ ತೆಗೆಸಿದರು. ಆಗ ಊರಿನ ಬೇರೆ ಬಾವಡಿಗಳ ಸರದಿಯೂ ಬಂತು.

ನಮ್ಮ ಹೌಝ್‌ಗಳ ಸರದಿ ಇನ್ನೂ ಬಂದಿಲ್ಲ. ಎಷ್ಟೋ ಮಸೀದಿಗಳಲ್ಲಿ ಅವುಗಳನ್ನು ಮುಚ್ಚಿ ನಲ್ಲಿಗಳ ಸಾಲು ಹಾಕಿದ್ದೇವೆ. ವುಝೂ ಮಾಡಿ ಬಿದ್ದ ನೀರಿನಿಂದ ಮತ್ತೆ ವುಝೂ ಮಾಡುವಂತಿಲ್ಲ ಎನ್ನುವ ಫಕೀಹರೂ ಅದನ್ನು ಗಿಡಕ್ಕೆ ಬಿಡಬೇಡಿ ಎಂದಿಲ್ಲ. ಆದರೂ ಆ ನೀರು ನೇರ ಚರಂಡಿಗೆ ಹರಿಯುತ್ತದೆ. ಹತ್ತು ಹೆಜ್ಜೆ ಆಚೆ ಮಸೀದಿಯ ತೆಂಗಿನ ಬುಡಕ್ಕೆ ಬೋರ್‌ವೆಲ್‌ನಿಂದ ಬೇರೆಯೇ ಪೈಪ್ ಎಳೆದಿರುತ್ತೇವೆ.