ಮಾತು ಬಾರದ ಮಗುವಿನ ಮನೆಮಾತು

ಮಾತು ತಡವಾದ ಮಗುವಿಗೆ ನಮ್ಮ ಮಂಡ್ಯ ಸೀಮೆಯಲ್ಲಿ ಬಹುಕಾಲ ಇದ್ದ ಹೆಸರು ಒಂದೇ, ಮೂಗ. ದಖನಿ ಆಡುವ ಮನೆಗಳಲ್ಲಾದರೆ ಗೂಂಗಾ. ಆ ಮಗುವಿಗೆ ಕಿವಿ ಕೇಳದಿರಬಹುದು, ಬುದ್ಧಿಯ ಬೆಳವಣಿಗೆ ನಿಧಾನವಿರಬಹುದು, ಅಥವಾ ಇಂದು ನಾವು ಆಟಿಸಂ ಎಂದೂ ಪುಸ್ತಕದ ಕನ್ನಡದಲ್ಲಿ ಸ್ವಲೀನತೆ ಎಂದೂ ಕರೆಯುವ ಸ್ಥಿತಿ ಇರಬಹುದು. ಮೂರಕ್ಕೂ ಹೆಸರು ಒಂದೇ ಆದ ಮೇಲೆ ಮದ್ದೂ ಒಂದೇ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದು, ಹರಕೆ ಹೊರುವುದು, ತಾವೀಜು ಕಟ್ಟಿಸುವುದು. ಈ ವಿಷಯದಲ್ಲಿ ಹಿಂದೂ ಮನೆಗೂ ಮುಸ್ಲಿಂ ಮನೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎರಡೂ ಕಡೆ ದೋಷ ಹೊತ್ತವಳು ತಾಯಿಯೇ.

ಇದನ್ನು ಹಳ್ಳಿಗರ ಅಜ್ಞಾನವೆಂದು ನಗುವವರು ಅಮೆರಿಕದ ಚರಿತ್ರೆಯನ್ನೂ ಸ್ವಲ್ಪ ನೋಡಬೇಕು. ಬಾಲ್ಟಿಮೋರಿನ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಬರೆದು ಆಟಿಸಂಗೆ ವೈದ್ಯಶಾಸ್ತ್ರದಲ್ಲಿ ಜಾಗ ಕೊಟ್ಟರು. ಅವರಲ್ಲಿ 8 ಮಕ್ಕಳಿಗೆ ಮಾತು ಬಂದಿತ್ತು. ಆದರೆ ಇನ್ನೊಬ್ಬರಿಗೆ ಏನನ್ನಾದರೂ ತಿಳಿಸಲು ಆ ಮಾತು ಅವರಿಗೆ ಒದಗುತ್ತಿರಲಿಲ್ಲ. ಇದು ದೊಡ್ಡ ಒಳನೋಟ. ಆದರೆ ಮುಂದಿನ ಎರಡು ದಶಕ ಅಲ್ಲಿನ ವಿದ್ವಾಂಸರು ತಾಯಿಯ ಪ್ರೀತಿ ತಣ್ಣಗಿದ್ದುದೇ ಕಾರಣವೆಂದು ಹೇಳುತ್ತ ಹೋದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್, ಆಟಿಸಂ ಇದ್ದ ಮಗನ ತಂದೆ, ಇದನ್ನು ಪುಸ್ತಕ ಬರೆದು ಅಲ್ಲಗಳೆದರೂ ಆ ಆರೋಪ ಕೂಡಲೇ ಸಾಯಲಿಲ್ಲ. ನಮ್ಮಲ್ಲಿ ನಜರ್ ಎಂದರು, ಅಲ್ಲಿ ಮನೋವಿಶ್ಲೇಷಣೆ ಎಂದರು.

ನಮ್ಮ ಭಾಗದಲ್ಲಿ ಮಾತಿನ ಚಿಕಿತ್ಸೆಯ ಕಥೆ ಶುರುವಾಗುವುದು ಮೈಸೂರಿನಿಂದ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಜನರ ಬಾಯಲ್ಲಿ 'ಸ್ಪೀಚ್ ಅಂಡ್ ಹಿಯರಿಂಗ್' ಆಯಿತು. ಇಲ್ಲಿ ಒಂದು ಸಂಗತಿ ಸಾಹಿತ್ಯದ ಓದುಗರಿಗೆ ಖುಷಿ ಕೊಡುತ್ತದೆ. 'ಎಲ್ಲಿಗೆ' ನಾಟಕ ಬರೆದ ನ. ರತ್ನ ಈ ಸಂಸ್ಥೆಯ ನಿರ್ದೇಶಕರಾಗಿದ್ದವರು. ಕನ್ನಡ ಮಕ್ಕಳ ಉಚ್ಚಾರಣೆಯನ್ನು ಕನ್ನಡದ ಪದಗಳಿಂದಲೇ ಅಳೆಯುವ ಪರೀಕ್ಷೆಯೊಂದು 1972ರಲ್ಲಿ ಪ್ರಕಟವಾದಾಗ ಅದನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಇಂಗ್ಲಿಷ್ ಪದಪಟ್ಟಿ ಹಿಡಿದು ಕನ್ನಡದ ಮಗುವಿನ ನಾಲಿಗೆ ಪರೀಕ್ಷಿಸಬಾರದು ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ನಮ್ಮ ಪಕ್ಕದೂರಿನಲ್ಲಿತ್ತು.

ಆದರೆ ಪಕ್ಕದೂರು ಎನ್ನುವುದು ಕೂಲಿಗೆ ಹೋಗುವ ತಾಯಿಗೆ ಪಕ್ಕದೂರಲ್ಲ. ಮದ್ದೂರಿನವಳಿಗೆ ರೈಲಾದರೂ ಇದೆ. ಮಳವಳ್ಳಿಗೆ ರೈಲು ಬಂದಿಲ್ಲ. ಅಲ್ಲಿಂದ ಮಗುವನ್ನು ಸೊಂಟಕ್ಕೆ ಹೊತ್ತವಳು ಬಸ್ಸು ಹಿಡಿದು ಬನ್ನೂರಿನ ಮೇಲೋ ತಿ. ನರಸೀಪುರದ ಮೇಲೋ ಹೋಗಬೇಕು. ಮುಕ್ಕಾಲು ಗಂಟೆಯ ಥೆರಪಿಗೆ ಒಂದು ದಿನದ ಕೂಲಿ ಹೋಗುತ್ತದೆ. ಗದ್ದಲದ ಬಸ್ಸಿನಲ್ಲಿ ಮಗು ಕಿವಿ ಮುಚ್ಚಿಕೊಂಡು ಚೀರಿದರೆ ಅಕ್ಕಪಕ್ಕದವರ ಮಾತನ್ನೂ ಕೇಳಬೇಕು. ಸಂಸ್ಥೆ ಆಮೇಲೆ ಹಳ್ಳಿಗಳ ಕಡೆಗೂ ಬಂದು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಸೇವಾಕೇಂದ್ರ ತೆರೆಯಿತು. ಒಳ್ಳೆಯ ಕೆಲಸ. ಆದರೆ ಮಳವಳ್ಳಿಯವರಿಗೆ ಅದು ಜಿಲ್ಲೆಯ ಆಚೆ ತುದಿ.

ಹೀಗಿರುವಾಗ ಮಗುವಿಗೆ ಹತ್ತಿರವಿರುವುದು ಊರಿನ ಸರ್ಕಾರಿ ಶಾಲೆಯೇ. ಅದರ ಬಾಗಿಲು ತೆರೆಯಲು ಕಾನೂನಿಗೆ ಬಹಳ ಕಾಲ ಹಿಡಿಯಿತು. 1995ರ ಅಂಗವಿಕಲರ ಕಾಯ್ದೆಯ ಏಳು ವಿಭಾಗಗಳಲ್ಲಿ ಆಟಿಸಂ ಇರಲಿಲ್ಲ. ಸವಲತ್ತು ಬೇಕಾದವರು ಮಗುವನ್ನು ಬುದ್ಧಿಮಾಂದ್ಯನೆಂದು ಬರೆಸಿಕೊಳ್ಳಬೇಕಿತ್ತು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಹೆಸರನ್ನು ಹೇಳಿತು. ಕೊನೆಗೆ 21 ವಿಭಾಗಗಳ 2016ರ ಕಾಯ್ದೆ, 2017ರ ಏಪ್ರಿಲ್‌ನಲ್ಲಿ ಜಾರಿಯಾಗಿ, ಅದನ್ನು ಪೂರ್ಣ ಹಕ್ಕಿನೊಳಗೆ ತಂದಿತು. ಈ ನಡುವೆ ಸರ್ವ ಶಿಕ್ಷಾ ಅಭಿಯಾನ ಬಂದು ತಾಲ್ಲೂಕಿನ ಬಿಆರ್‌ಸಿಗಳಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಕಾಣಿಸಿಕೊಂಡರು. ಶಾಲೆಯಿಂದ ಶಾಲೆಗೆ, ಮನೆಯಿಂದ ಮನೆಗೆ ತಿರುಗುವ ಇವರು ವಿಶೇಷ ಶಿಕ್ಷಕರು, ವಾಕ್ ತಜ್ಞರಲ್ಲ. ಇವರನ್ನೇ ಎಲ್ಲವೂ ಆಗಿ ಎನ್ನುವುದು ಇಲಾಖೆಯ ಹಳೆಯ ಅಭ್ಯಾಸ.

ಹಾಗಾದರೆ ಶಾಲೆಯಲ್ಲಿ ಮಾತಿನ ಚಿಕಿತ್ಸೆ ಎಂದರೇನು? ಕನ್ನಡಿ ಮುಂದೆ ಕೂರಿಸಿ 'ಅ', 'ಆ' ಹೇಳಿಸುವುದಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳ ನಾಲಿಗೆಗೆ ಅಕ್ಷರ ಕಷ್ಟವಲ್ಲ. ಮಾತಿನಿಂದ ಇನ್ನೊಬ್ಬರನ್ನು ಮುಟ್ಟಬಹುದು ಎಂಬುದೇ ಒದಗುವುದಿಲ್ಲ. ಆದ್ದರಿಂದ ಕೆಲಸ ಮಾತಿಗಿಂತ ಹಿಂದಿನಿಂದ ಶುರುವಾಗುತ್ತದೆ. ಬೇಕಾದದ್ದನ್ನು ಬೆರಳಿಟ್ಟು ತೋರಿಸುವುದು, ಸರದಿ ಕಾಯುವುದು, ಕರೆದಾಗ ತಿರುಗುವುದು. ಬಿಸಿಯೂಟದ ಸಾಲು ಇದಕ್ಕೆ ಯಾವ ಥೆರಪಿ ಕೋಣೆಗೂ ಕಡಿಮೆಯಲ್ಲ. ಮೊಟ್ಟೆಯೋ ಬಾಳೆಹಣ್ಣೋ ಎಂದು ಕೇಳುವ ದಿನ ಎರಡರ ಚಿತ್ರವನ್ನೂ ಮಗುವಿನ ಮುಂದೆ ಹಿಡಿದು ಸ್ವಲ್ಪ ಕಾದರೆ ಸಾಕು. ಮಗು ಒಂದು ಚಿತ್ರ ಎತ್ತಿಕೊಟ್ಟು ಅದಕ್ಕೆ ತಕ್ಕ ವಸ್ತು ಕೈಗೆ ಬಂದಾಗ, ಕೇಳಿದರೆ ಸಿಗುತ್ತದೆ ಎಂಬುದು ತಿಳಿಯುತ್ತದೆ. ಚಿತ್ರ ಕೊಟ್ಟು ಕೇಳುವ ಈ ಕ್ರಮವನ್ನು 1985ರಲ್ಲಿ ಅಮೆರಿಕದಲ್ಲಿ ರೂಪಿಸಿದರು. ಇದರಿಂದ ಮಗು ಮಾತಿಗೆ ಸೋಮಾರಿಯಾಗುತ್ತದೆ ಎಂಬ ಭಯ ಹೆತ್ತವರಲ್ಲಿದೆ. ಅಧ್ಯಯನಗಳು ಆ ಭಯವನ್ನು ಸಮರ್ಥಿಸಿಲ್ಲ. ಬಡಿಸುವ ಅಕ್ಕನಿಗೂ ಪಕ್ಕದಲ್ಲಿ ಕೂರುವ ಗೆಳೆಯನಿಗೂ ಇದು ಗೊತ್ತಿರಬೇಕು. ತಜ್ಞರು ತಿಂಗಳಿಗೊಮ್ಮೆ ಬಂದರೂ ಇವರು ದಿನವೂ ಇರುತ್ತಾರೆ.

ಇನ್ನೊಂದಿದೆ. 'ನೀರು ಬೇಕಾ?' ಎಂದು ಕೇಳಿದರೆ ಮಗುವೂ 'ನೀರು ಬೇಕಾ?' ಎಂದೇ ಮರಳಿ ಹೇಳುತ್ತದೆ. ಅಣಕಿಸುತ್ತಿದ್ದಾನೆ ಎಂದು ಮೇಷ್ಟ್ರಿಗೆ ಸಿಟ್ಟು ಬರುತ್ತದೆ. ಹಿಂದೆ ಥೆರಪಿಯಲ್ಲೂ ಈ ಮರುನುಡಿಯನ್ನು ಅಳಿಸಲು ಹೊರಟಿದ್ದರು. 1980ರ ದಶಕದಲ್ಲಿ ಬ್ಯಾರಿ ಪ್ರಿಜಾಂಟ್ ಮುಂತಾದವರು ಅದರಲ್ಲಿ ಎಷ್ಟೋ ಸಲ ಅರ್ಥವಿರುತ್ತದೆ ಎಂದು ತೋರಿಸಿದರು. ಆ ಮಗು ಪ್ರಶ್ನೆಯನ್ನೇ ಉತ್ತರವಾಗಿ ಬಳಸುತ್ತಿರಬಹುದು. ಅದಕ್ಕೆ ನಿಜವಾಗಿ ನೀರು ಬೇಕಾಗಿರಬಹುದು.

ಈಗ ನಮ್ಮ ಮನೆಗಳ ವಿಷಯಕ್ಕೆ ಬರೋಣ. ಮದ್ದೂರು, ಮಳವಳ್ಳಿಯ ಮುಸ್ಲಿಂ ಮನೆಗಳ ಮಾತು ದಖನಿ. ಅದು ಶಾಲೆಯ ಪುಸ್ತಕದ ಉರ್ದುವೂ ಅಲ್ಲ. ಬೀದಿಯಲ್ಲಿ ಕನ್ನಡ, ಅರ್ಜಿ ನಮೂನೆಯಲ್ಲಿ ಇಂಗ್ಲಿಷ್. ಇಂಥ ಮಗುವಿನ ಮಾತು ತಡವಾದರೆ ತಾಯಿಗೆ ಸಿಗುತ್ತಿದ್ದ ಸಲಹೆ ಒಂದೇ, ಮನೆಯಲ್ಲೂ ಒಂದೇ ಭಾಷೆ ಆಡಿ, ಶಾಲೆಯ ಭಾಷೆಯನ್ನೇ ಆಡಿ. ಲೋಕದ ಎಷ್ಟೋ ಊರುಗಳಲ್ಲಿ ತಜ್ಞರು ಇದನ್ನೇ ಹೇಳುತ್ತಿದ್ದರು, ಈಗಲೂ ಹೇಳುವವರಿದ್ದಾರೆ. ಕನ್ನಡ ಅರ್ಧಂಬರ್ಧ ಬರುವ ತಾಯಿ ಇದನ್ನು ನಂಬಿದರೆ ಆಗುವುದೇನು? ಜೋಗುಳ ನಿಲ್ಲುತ್ತದೆ, ಬೈಗುಳವೂ ನಿಲ್ಲುತ್ತದೆ. ಮೊದಲೇ ಮಾತು ಕಡಿಮೆ ಇರುವ ಮನೆಯಲ್ಲಿ ತಾಯಿಯೂ ಮೂಕಳಾಗುತ್ತಾಳೆ. ನಾನಿ ದಾದಿಯರೊಂದಿಗೆ ಮಗುವಿಗಿದ್ದ ಎಳೆಯೂ ತುಂಡಾಗುತ್ತದೆ.

2012ರ ಸುಮಾರಿಗೆ ಕೆನಡಾದಲ್ಲಿ, ಅಮೆರಿಕದಲ್ಲಿ ನಡೆದ ಅಧ್ಯಯನಗಳು ಬೇರೆಯೇ ಹೇಳಿದವು. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳ ಮಾತು, ಒಂದೇ ಭಾಷೆ ಕೇಳಿದ ಅಂಥ ಮಕ್ಕಳ ಮಾತಿಗಿಂತ ಹಿಂದೆ ಬಿದ್ದಿರಲಿಲ್ಲ. ಮುಂದೆ ಬಂದ ಅಧ್ಯಯನಗಳೂ ಬಹುಮಟ್ಟಿಗೆ ಇದನ್ನೇ ಕಂಡಿವೆ. ಕನ್ನಡದ ಮಗುವಿಗೆ ಕನ್ನಡದಲ್ಲೇ ಪರೀಕ್ಷೆ ಬೇಕೆಂದು 1972ರಲ್ಲಿ ಕಂಡುಕೊಂಡ ಸತ್ಯವೇ ದಖನಿಯ ಮಗುವಿಗೂ ಸಲ್ಲಬೇಕಲ್ಲವೇ?

ಇದು ಅಷ್ಟೇನೂ ಕಷ್ಟದ ಕೆಲಸವಲ್ಲ. ನಮ್ಮ ದಖನಿ ಕನ್ನಡದ ಪಕ್ಕದಲ್ಲೇ ಶತಮಾನಗಳಿಂದ ಬಾಳಿ ಅದರ ಮೈಕಟ್ಟನ್ನು ಪಡೆದಿದೆ. 'ನನಗೆ ನೀರು ಬೇಕು' ಎಂಬುದನ್ನು ಪದಕ್ಕೆ ಪದ ಇಟ್ಟರೆ 'ಮೇರೆಕು ಪಾನಿ ಹೋನಾ'. 'ಅಂತ' ಇರುವಲ್ಲಿ 'ಬೋಲ್‌ಕೆ'. ಮಳವಳ್ಳಿಯ ಟೀಚರಮ್ಮ ಲೋಟದ ಚಿತ್ರವಿರುವ ಕಾರ್ಡಿನ ಕೆಳಗೆ ಕನ್ನಡ ಅಕ್ಷರದಲ್ಲೇ ನೀರು ಎಂದೂ ಪಾನಿ ಎಂದೂ ಬರೆದು, ಸಂಜೆ ಮಗುವಿನ ಬ್ಯಾಗಿನಲ್ಲಿಟ್ಟು ಮನೆಗೆ ಕಳಿಸಬಹುದು. ಓದು ಬಾರದ ಅಮ್ಮಿಗೆ ಚಿತ್ರವೇ ಸಾಕು. ಅವಳು ತನ್ನ ಮಾತಿನಲ್ಲಿ ಕೇಳುತ್ತಾಳೆ, ಮಗು ಕಾರ್ಡನ್ನು ಎತ್ತಿ ಕೊಡುವವರೆಗೆ ಲೋಟ ಹಿಡಿದು ಕಾಯುತ್ತಾಳೆ.